ತಪ್ಪಿದ ಮಾತು, ತಿದ್ದಿದ ಸರಕು

1983ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯು ಮಾರಾಟವಾಗದೆ ಉಳಿದಿದ್ದ ತನ್ನ ವಿಡಿಯೋ ಗೇಮ್‌ಗಳ ರಾಶಿಯನ್ನು ನ್ಯೂ ಮೆಕ್ಸಿಕೊ ರಾಜ್ಯದ ಅಲಮಗೋರ್ಡೊ ಎಂಬ ಊರಿನ ಕಸದ ಹೊಂಡದಲ್ಲಿ ಹೂಳಿಸಿತು. ಹೆಸರುವಾಸಿಯಾದ ಚಲನಚಿತ್ರವೊಂದನ್ನು ಆಧರಿಸಿದ 'ಇ.ಟಿ.' ಎಂಬ ಆಟವೂ ಅದರಲ್ಲಿತ್ತು. 1982ರ ಕ್ರಿಸ್‌ಮಸ್ ವ್ಯಾಪಾರಕ್ಕೆ ಒದಗಿಸಬೇಕೆಂಬ ಆತುರದಿಂದ ಅದನ್ನು ಸುಮಾರು ಐದು ವಾರಗಳಲ್ಲಿ ಸಿದ್ಧಪಡಿಸಲಾಗಿತ್ತು. 2014ರ ಏಪ್ರಿಲ್‌ನಲ್ಲಿ ಆ ಸ್ಥಳವನ್ನು ಅಗೆದಾಗ ಆಟದ ಪೆಟ್ಟಿಗೆಗಳು ಮಣ್ಣಿನಡಿಯಿಂದ ಹೊರಬಂದವು. ಆ ಕಾಲದಲ್ಲಿ ಚಿಪ್ಪಿನೊಳಗೆ ಒಮ್ಮೆ ಸೇರಿದ ತಪ್ಪನ್ನು ತಿದ್ದಲು ಮಾರ್ಗವಿರಲಿಲ್ಲ. ಕೆಟ್ಟ ಸರಕಿಗೆ ಹೊಂಡವೇ ಗತಿಯಾಗಿತ್ತು.

ಇಂದು ಹಾಗಿಲ್ಲ. ಆಟವನ್ನು ಮಾರಿದ ಮೇಲೆಯೂ ತಯಾರಕನು ತನ್ನ ಕಚೇರಿಯಲ್ಲಿ ಕುಳಿತು, ಕೊಂಡವನ ಮನೆಯಲ್ಲಿರುವ ಯಂತ್ರಕ್ಕೆ ತಿದ್ದುಪಡಿಗಳನ್ನು ಕಳುಹಿಸಬಲ್ಲ. ಇದಕ್ಕೆ ಅಪ್‌ಡೇಟ್ ಎಂದು ಹೆಸರು. ದೋಷಗಳನ್ನು ನಿವಾರಿಸುವುದಷ್ಟೇ ಅಲ್ಲದೆ, ಮೊದಲು ಇಲ್ಲದ ಭಾಗಗಳನ್ನು ಸೇರಿಸುವುದೂ ಇದರಿಂದ ಸಾಧ್ಯ. ಆದುದರಿಂದ ಹಿಂದಿನ ಕಾಲಕ್ಕೆ ಇಲ್ಲದಿದ್ದ ಒಂದು ಪ್ರಶ್ನೆ ಈಗ ಎದ್ದಿದೆ. ಭಾರೀ ಪ್ರಚಾರದೊಡನೆ ಮಾರಾಟವಾಗಿ, ಕೊಂಡವರನ್ನು ನಿರಾಶೆಗೊಳಿಸಿದ ಆಟವೊಂದು ಅನಂತರದ ಪರಿಷ್ಕರಣಗಳಿಂದ ಕಳಂಕಮುಕ್ತವಾಗಬಲ್ಲದೆ? ಮೇಲುನೋಟಕ್ಕೆ ಇದು ಮಕ್ಕಳ ಆಟದ ಮಾತು. ಆದರೆ ಮಾತು ಕೊಟ್ಟು ಹಣ ಪಡೆದ ಬಳಿಕ ಮಾತಿನಂತೆ ನಡೆಯದವನು ಮುಂದೆ ಎಷ್ಟು ದುಡಿದರೆ ಋಣಮುಕ್ತನಾಗುತ್ತಾನೆ ಎಂಬುದು ಪ್ರತಿಯೊಬ್ಬ ವ್ಯಾಪಾರಿ ಶ್ರಾವಕನ ಪ್ರಶ್ನೆಯೂ ಹೌದು.

ಈ ವಿಚಾರಕ್ಕೆ ಎಲ್ಲರೂ ಮೊದಲು ಎತ್ತಿಕೊಳ್ಳುವ ಉದಾಹರಣೆ 'ನೋ ಮ್ಯಾನ್ಸ್ ಸ್ಕೈ'. ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಪಟ್ಟಣದ ಹೆಲೊ ಗೇಮ್ಸ್ ಎಂಬ ಚಿಕ್ಕ ಸಂಸ್ಥೆ ಇದನ್ನು 2013ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಗಣಿತ ಸೂತ್ರಗಳ ಬಲದಿಂದ ಯಂತ್ರವೇ ಗ್ರಹಗಳನ್ನು ಸೃಷ್ಟಿಸುವುದು, ಹಾಗೆ ಸೃಷ್ಟಿಯಾಗಬಲ್ಲ ಗ್ರಹಗಳ ಸಂಖ್ಯೆ 18,446,744,073,709,551,616, ಅಂದರೆ 2ರ 64ನೆಯ ಘಾತ. ಇದು ಆ ಆಟದ ಹೆಗ್ಗಳಿಕೆ. 2014ರಲ್ಲಿ ಸೋನಿ ಸಂಸ್ಥೆ ತನ್ನ ದೊಡ್ಡ ವೇದಿಕೆಯ ಮೇಲೆ ಇದನ್ನು ಪ್ರದರ್ಶಿಸಿದಾಗ ನಿರೀಕ್ಷೆ ಮುಗಿಲು ಮುಟ್ಟಿತು. ಸಂಸ್ಥೆಯ ಮುಖ್ಯಸ್ಥ ಶಾನ್ ಮರ್ರೆ ಸಂದರ್ಶನದಿಂದ ಸಂದರ್ಶನಕ್ಕೆ ಹೋಗಿ ಆಟದ ಗುಣಗಳನ್ನು ವರ್ಣಿಸಿದರು. ಆಟಗಾರರು ಒಬ್ಬರನ್ನೊಬ್ಬರು ಸಂಧಿಸುವುದು ಬಲು ಅಪರೂಪವಾದರೂ ಸಂಧಿಸಿದರೆ ಕಾಣಬಲ್ಲರು ಎಂಬ ಭಾವನೆ ಆ ಮಾತುಗಳಿಂದ ಮೂಡಿತ್ತು.

2016ರ ಆಗಸ್ಟ್ 9ರಂದು ಅಮೆರಿಕದಲ್ಲಿ ಆಟ ಮಾರಾಟಕ್ಕೆ ಬಂದಿತು. ಬೆಲೆ 60 ಡಾಲರ್, ಎಂದರೆ ಅತಿ ದೊಡ್ಡ ಸಂಸ್ಥೆಗಳ ಆಟಕ್ಕೆ ಆಗ ಇದ್ದ ಪೂರ್ಣ ಬೆಲೆ. ಅದಾದ ಕೂಡಲೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಸ್ಥಳಕ್ಕೆ ಬಂದು ನಿಂತರು. ಒಬ್ಬನು ಇನ್ನೊಬ್ಬನಿಗೆ ಕಾಣಲಿಲ್ಲ. ಆಟದ ವಿಶೇಷ ಆವೃತ್ತಿಯ ಕೆಲವು ಪೆಟ್ಟಿಗೆಗಳಲ್ಲಿ ಅಂತರ್ಜಾಲದ ಮೂಲಕ ಆಡಬಹುದೆಂಬ ಗುರುತಿನ ಮೇಲೆ ಚೀಟಿ ಅಂಟಿಸಲಾಗಿತ್ತೆಂಬುದೂ ಬೆಳಕಿಗೆ ಬಂದಿತು.

ಆಟವಾಗಿಯೂ ಅದು ಬಡವಾಗಿತ್ತು ಎಂಬುದನ್ನು ಹೇಳಲೇಬೇಕು. ಗ್ರಹವೊಂದಕ್ಕೆ ಇಳಿಯುವುದು, ಖನಿಜಗಳನ್ನು ಕೂಡಿಸುವುದು, ಇಂಧನ ತುಂಬಿಕೊಂಡು ಮತ್ತೊಂದು ಗ್ರಹಕ್ಕೆ ಹಾರುವುದು, ಅಲ್ಲಿಯೂ ಅದನ್ನೇ ಮಾಡುವುದು. ಮೊದಲ ಗಂಟೆಗಳಲ್ಲಿ ಹುಟ್ಟುವ ಬೆರಗು ಸುಳ್ಳಲ್ಲ. ನೆಲದಿಂದ ಮೇಲೇರಿ ನಡುವೆ ತಡೆಯಿಲ್ಲದೆ ಆಕಾಶವನ್ನು ಸೇರುವ ಅನುಭವ ಅಲ್ಲಿಯವರೆಗೆ ವಿರಳವಾಗಿತ್ತು. ಆದರೆ ಪ್ರಾಣಿಗಳೂ ಗಿಡಗಳೂ ಅವೇ ಕೆಲವು ಅಂಗಗಳ ಜೋಡಣೆಯಿಂದಾದವು ಎಂಬುದು ಬೇಗನೆ ತಿಳಿದುಹೋಗುತ್ತಿತ್ತು. ಸಂಖ್ಯಾತ, ಅಸಂಖ್ಯಾತ, ಅನಂತ ಎಂಬ ಲೆಕ್ಕಗಳನ್ನು ಪರಂಪರೆಯಿಂದಲೇ ಬಲ್ಲ ಜೈನ ಓದುಗನಿಗೆ ದೊಡ್ಡ ಸಂಖ್ಯೆಯೊಂದೇ ವಿಸ್ಮಯವನ್ನು ತರಲಾರದು. ಜೀವರಾಶಿ ಅನಂತವೆನ್ನುವ ಆಗಮವು ಗತಿ, ಇಂದ್ರಿಯ, ಕಾಯಗಳ ಭೇದವನ್ನೂ ಜೊತೆಯಲ್ಲೇ ವಿವರಿಸುತ್ತದೆ. ಈ ಆಟದಲ್ಲಿ ಸಂಖ್ಯೆ ಅಪಾರ, ಭೇದ ಅಲ್ಪ. ಗ್ರಹಗಳ ಎಣಿಕೆಯ ಮಾತನ್ನು ಉಳಿಸಿಕೊಂಡರು. ಆ ಎಣಿಕೆ ಯಾವುದರ ಭರವಸೆ ಕೊಟ್ಟಿತ್ತೋ ಅದು ಮಾತ್ರ ಸಿಗಲಿಲ್ಲ.

ಗಿರಾಕಿಗಳು ದೂರಿತ್ತರು. ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ ವಿಚಾರಣೆ ನಡೆಸಿ, ಅಂತರ್ಜಾಲ ಅಂಗಡಿಯಲ್ಲಿ ಪ್ರಕಟವಾಗಿದ್ದ ಚಿತ್ರ ಹಾಗೂ ವಿವರಣೆಗಳು ದಾರಿತಪ್ಪಿಸುವಂಥವಲ್ಲವೆಂದು 2016ರ ನವೆಂಬರ್ 30ರಂದು ತೀರ್ಪಿತ್ತಿತು. ಕಾನೂನಿನ ದೃಷ್ಟಿಯಿಂದ ವಿಷಯ ಅಲ್ಲಿಗೆ ಮುಗಿಯಿತು.

ವ್ರತದ ದೃಷ್ಟಿಯಿಂದ ಅಲ್ಲಿಗೆ ಮುಗಿಯುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಗೃಹಸ್ಥನ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಎರಡು ಅಂಗಡಿಯ ತಕ್ಕಡಿಗೆ ನೇರವಾಗಿ ಸಂಬಂಧಿಸಿದವು. ಒಂದು ಹೀನಾಧಿಕಮಾನೋನ್ಮಾನ: ಕೊಳ್ಳುವಾಗ ಹಿರಿಯ ಅಳತೆ, ಕೊಡುವಾಗ ಕಿರಿಯ ಅಳತೆ. ಇನ್ನೊಂದು ಪ್ರತಿರೂಪಕ ವ್ಯವಹಾರ: ಉತ್ತಮ ವಸ್ತುವನ್ನು ಹೋಲುವ ಕೀಳು ವಸ್ತುವನ್ನು ಉತ್ತಮವೆಂದೇ ದಾಟಿಸುವುದು. ಪೂರ್ಣ ಬೆಲೆಯನ್ನು ಎಣಿಸಿಕೊಂಡು ಅಪೂರ್ಣ ಆಟವನ್ನು ಕೊಡುವುದು ಮೊದಲನೆಯದರ ನೆರಳಿನಲ್ಲಿ ಬರುತ್ತದೆ. ಪ್ರದರ್ಶನಕ್ಕೆಂದೇ ಸಿಂಗರಿಸಿದ ತುಣುಕನ್ನು ತೋರಿಸಿ ಬೇರೊಂದನ್ನು ಮಾರುವುದು ಎರಡನೆಯದರ ನೆರಳಿನಲ್ಲಿ ಬರುತ್ತದೆ. ಆಚಾರ್ಯರು ಇವನ್ನು ಅನಾಚಾರವೆನ್ನದೆ ಅತಿಚಾರವೆಂದದ್ದು ಅರ್ಥಪೂರ್ಣವಾಗಿದೆ. ವ್ರತ ಪೂರ್ತಿ ಮುರಿದಿಲ್ಲ, ಮಲಿನವಾಗಿದೆ, ಮಲಿನವಾದುದನ್ನು ತೊಳೆಯಬಹುದು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಆಟವೇ ಕಲ್ಪನೆ, ಇಲ್ಲದ ಲೋಕವನ್ನು ಮಾರುವವನ ಮಾತಿನಲ್ಲಿ ಸುಳ್ಳನ್ನು ಹುಡುಕುವುದೇಕೆ? ಜನ್ನನ ಯಶೋಧರ ಚರಿತೆಯನ್ನು ಬಲ್ಲವರಿಗೆ ಇದರ ಉತ್ತರ ಹೊಸದಲ್ಲ. ಬಲಿಕೊಟ್ಟದ್ದು ಹಿಟ್ಟಿನ ಕೋಳಿ. ಸಂಕಲ್ಪ ಮಾತ್ರ ಹಿಟ್ಟಿನದಾಗಿರಲಿಲ್ಲ, ಆದುದರಿಂದ ಫಲವೂ ನಿಜವಾಗಿಯೇ ಬಂದಿತು. ಗ್ರಹಗಳು ಕಾಲ್ಪನಿಕವಾಗಿದ್ದರೂ ಅದಕ್ಕೆ ಕೊಟ್ಟ ಹಣ ಯಾರೋ ದುಡಿದದ್ದು, ಕೊಟ್ಟ ಮಾತು ಯಾರೋ ಆಡಿದ್ದು.

ಇನ್ನು ಪರಿಷ್ಕರಣಗಳ ವಿಚಾರ. ಮಾರಾಟವಾದ ಮೇಲೆ ಕೆಲವು ತಿಂಗಳು ಸಂಸ್ಥೆ ಬಹುಮಟ್ಟಿಗೆ ಮೌನವಾಗಿತ್ತು. 2016ರ ನವೆಂಬರ್ ಕೊನೆಯಲ್ಲಿ ಮೊದಲ ದೊಡ್ಡ ಪರಿಷ್ಕರಣ ಬಂದು, ಗ್ರಹಗಳಲ್ಲಿ ನೆಲೆ ಕಟ್ಟಿಕೊಳ್ಳುವ ಅವಕಾಶವನ್ನು ಒದಗಿಸಿತು. 2017ರ ಮಾರ್ಚ್‌ನಲ್ಲಿ ವಾಹನಗಳು ಬಂದವು. ಅದೇ ವರ್ಷದ ಆಗಸ್ಟ್‌ನಲ್ಲಿ ಆಟಗಾರರು ಒಬ್ಬರಿಗೊಬ್ಬರು ಬೆಳಕಿನ ಗೋಳಗಳಾಗಿ ಮಾತ್ರ ಕಾಣುವಂತಾಯಿತು. 2018ರ ಜುಲೈ 24ರಂದು ಬಂದ 'ನೆಕ್ಸ್ಟ್' ಎಂಬ ಪರಿಷ್ಕರಣದಿಂದ ಪರಸ್ಪರ ಪೂರ್ಣರೂಪದಲ್ಲಿ ಕಂಡು ಕೂಡಿ ಆಡುವುದು ಸಾಧ್ಯವಾಯಿತು. ಅಲ್ಲಿಂದ ಮುಂದೆಯೂ ವರ್ಷವರ್ಷ ಹೊಸ ಭಾಗಗಳು ಸೇರುತ್ತ ಬಂದವು, ಅವಕ್ಕೆಲ್ಲ ಕೊಂಡವರು ಮತ್ತೆ ಹಣ ಕೊಡಬೇಕಾಗಲಿಲ್ಲ. 2020ರಲ್ಲಿ 'ದಿ ಗೇಮ್ ಅವಾರ್ಡ್ಸ್' ಸಮಾರಂಭದಲ್ಲಿ, ನಿರಂತರವಾಗಿ ಬೆಳೆಯುವ ಆಟಗಳಿಗೆ ಮೀಸಲಾದ ಪ್ರಶಸ್ತಿ ಇದಕ್ಕೆ ಬಂದಿತು.

ಇದನ್ನು ಅನೇಕರು ಔದಾರ್ಯವೆಂದು ಹೊಗಳಿದ್ದಾರೆ. ಆ ಮಾತನ್ನು ಲೆಕ್ಕದ ಪುಸ್ತಕದ ಮುಂದಿಟ್ಟು ನೋಡಬೇಕು. ವಾಣಿಜ್ಯಶಾಸ್ತ್ರದ ಮೊದಲ ಪಾಠಗಳಲ್ಲೇ ಬರುವ ನಿಯಮವೊಂದಿದೆ: ಸರಕನ್ನು ಇನ್ನೂ ಒಪ್ಪಿಸದೆ ಪಡೆದ ಹಣ ಆದಾಯವಲ್ಲ, ಹೊಣೆ. ಅದನ್ನು ಅಢಾವೆ ಪತ್ರಿಕೆಯಲ್ಲಿ ಸಾಲದ ಪಕ್ಕಕ್ಕೆ ಬರೆಯಬೇಕೇ ಹೊರತು ಲಾಭಕ್ಕಲ್ಲ. 2016ರಲ್ಲಿ ಪಡೆದ 60 ಡಾಲರುಗಳಲ್ಲಿ, ಕೂಡಿ ಆಡುವ ಭಾಗಕ್ಕೆಂದು ಸಂದ ಪಾಲು 2018ರ ಜುಲೈವರೆಗೆ ಸಾಲವಾಗಿಯೇ ಉಳಿದಿತ್ತು. ಆ ದಿನದವರೆಗೆ ಬಂದದ್ದೆಲ್ಲ ಸಾಲದ ಕಂತು. ಕಂತು ಕಟ್ಟಿದವನನ್ನು ದಾನಿಯೆನ್ನುವ ವಾಡಿಕೆ ಯಾವ ಪೇಟೆಯಲ್ಲಿಯೂ ಇಲ್ಲ. ಆ ದಿನದಾಚೆ ಕೊಟ್ಟದ್ದು ಮಾತ್ರ ಹೆಚ್ಚುವರಿ. ಅದನ್ನು ಔದಾರ್ಯವೆಂದು ಒಪ್ಪಲು ಅಡ್ಡಿಯಿಲ್ಲ, ಮತ್ತು ಅದು ಅಲ್ಪವೂ ಅಲ್ಲ. ಸಾಲ ತೀರಿದ ಮೇಲೂ ಇಷ್ಟು ವರ್ಷ ದುಡಿದ ಸಾಲಗಾರರು ಹೆಚ್ಚಿಲ್ಲ.

ಆದರೂ ಖಾತೆಯಲ್ಲಿ ಒಂದು ಬಾಕಿ ಉಳಿಯುತ್ತದೆ. ಮೊದಲ ವಾರದಲ್ಲೇ ಬೇಸತ್ತು ಆಟವನ್ನು ಬದಿಗಿಟ್ಟು ಮರೆತವನಿಗೆ ಈ ಕಂತುಗಳು ಸಂದವೆ? 2018ರಲ್ಲಿ ಅಗ್ಗದ ಬೆಲೆಗೆ ಹೊಸದಾಗಿ ಕೊಂಡವನು ಪೂರ್ಣ ಆಟವನ್ನು ಪಡೆದ. ನಂಬಿ ಮೊದಲು ಕೊಂಡವನು ಹೆಚ್ಚು ಹಣ ಕೊಟ್ಟು ಎರಡು ವರ್ಷ ಕಾದ. ನಂಬಿದವನಿಗೆ ನಷ್ಟ, ಸಂಶಯಪಟ್ಟವನಿಗೆ ಲಾಭ. ಈ ಅಸಮತೆಯನ್ನು ಯಾವ ಪರಿಷ್ಕರಣವೂ ಸರಿಪಡಿಸಲಾರದು.

ಇದಕ್ಕಿಂತ ಕಠಿಣವಾದ ಉದಾಹರಣೆ ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ಸಂಸ್ಥೆಯ 'ಸೈಬರ್‌ಪಂಕ್ 2077'. ಅಪರಾಧ ಮತ್ತು ಆಯುಧಗಳಿಂದ ತುಂಬಿದ ಭವಿಷ್ಯದ ನಗರವೊಂದರ ಕಥೆ ಅದು. ಅಂಥ ವಿನೋದವು ಜೈನ ಮನೆಯಲ್ಲಿ ಇರಬೇಕೆ ಎಂಬುದು ಅನರ್ಥದಂಡ ವಿರತಿಯ ಕೆಳಗೆ ಪ್ರತ್ಯೇಕವಾಗಿ ವಿಚಾರಿಸತಕ್ಕದ್ದು. ಇಲ್ಲಿ ವ್ಯವಹಾರದ ಭಾಗವನ್ನಷ್ಟೇ ನೋಡಬಹುದು. 2012ರಲ್ಲಿ ಪ್ರಕಟವಾದ ಆಟ 2020ರಲ್ಲಿ ಮೂರು ಬಾರಿ ಮುಂದೂಡಲ್ಪಟ್ಟು ಡಿಸೆಂಬರ್ 10ರಂದು ಹೊರಬಂದಿತು. ಅದಕ್ಕೆ ಮೊದಲೇ 80 ಲಕ್ಷ ಪ್ರತಿಗಳಿಗೆ ಮುಂಗಡ ಬೇಡಿಕೆ ಬಂದಿತ್ತು. ವಿಮರ್ಶಕರಿಗೆ ಮುಂಚಿತವಾಗಿ ಕೊಟ್ಟದ್ದು ಕಂಪ್ಯೂಟರಿನ ಪ್ರತಿಗಳನ್ನು ಮಾತ್ರ. ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎಂಬ ಹಳೆಯ ಯಂತ್ರಗಳಲ್ಲಿ ಆಟ ಎಷ್ಟು ಕೆಟ್ಟದಾಗಿ ನಡೆಯುತ್ತದೆಂಬುದು ಕೊಂಡ ಮೇಲೆಯೇ ಜನರಿಗೆ ತಿಳಿಯಿತು. ಒಂದೇ ವಾರದಲ್ಲಿ ಸೋನಿ ಆಟವನ್ನು ತನ್ನ ಅಂತರ್ಜಾಲ ಅಂಗಡಿಯಿಂದ ತೆಗೆದುಹಾಕಿ ಹಣ ಮರಳಿಸತೊಡಗಿತು. ಅದು ಅಲ್ಲಿ ಮತ್ತೆ ಕಾಣಿಸಿಕೊಂಡದ್ದು 2021ರ ಜೂನ್‌ನಲ್ಲಿ.

ಸಂಸ್ಥೆ ಬಹಿರಂಗವಾಗಿ ಕ್ಷಮೆ ಕೇಳಿತು, ಹಣ ಮರಳಿಸುವುದಕ್ಕೂ ಒಪ್ಪಿತು. ಇದು ಮೆಚ್ಚತಕ್ಕದ್ದೇ. ಬಳಿಕ ಸುಮಾರು ಮೂರು ವರ್ಷಗಳ ದುಡಿಮೆಯಿಂದ ಆಟದ ಒಳರಚನೆಯನ್ನೇ ಬದಲಿಸಿ, 2023ರ ಸೆಪ್ಟೆಂಬರ್ 21ರಂದು 2.0 ಎಂಬ ಪರಿಷ್ಕರಣವನ್ನು ಹೊರತಂದಿತು. ಆಟ ಈಗ ಚೆನ್ನಾಗಿದೆಯೆಂದು ಬಲ್ಲವರು ಒಪ್ಪಿದರು. ಅದೇ ವರ್ಷ ಹಿಂದೆ ಹೇಳಿದ ಅದೇ ಪ್ರಶಸ್ತಿ ಇದಕ್ಕೂ ಬಂದಿತು. ಆದರೆ 2.0 ಪರಿಷ್ಕರಣ ಆ ಹಳೆಯ ಯಂತ್ರಗಳಿಗೆ ಬರಲೇ ಇಲ್ಲ. ಯಾರು ಹೆಚ್ಚು ನೊಂದರೋ ಅವರಿಗೇ ಪರಿಹಾರ ತಲುಪಲಿಲ್ಲ, ಹೊಸ ಯಂತ್ರ ಕೊಂಡವರಿಗಷ್ಟೇ ತಲುಪಿತು. ಒಬ್ಬರಿಂದ ಪಡೆದ ಸಾಲವನ್ನು ಇನ್ನೊಬ್ಬರಿಗೆ ತೀರಿಸಿದಂತಾಯಿತು. ಇನ್ನೊಂದು ಸಾಲವೂ ಇತ್ತು. ಕಡ್ಡಾಯ ಹೆಚ್ಚುದುಡಿಮೆ ಇರದೆಂದು 2019ರಲ್ಲಿ ನೌಕರರಿಗೆ ಇತ್ತಿದ್ದ ಮಾತನ್ನು ಮೀರಿ, 2020ರ ಸೆಪ್ಟೆಂಬರ್‌ನಲ್ಲಿ ವಾರಕ್ಕೆ ಆರು ದಿನಗಳ ಕೆಲಸವನ್ನು ವಿಧಿಸಲಾಯಿತು. ಅತಿಭಾರಾರೋಪಣ, ಅಂದರೆ ಆಶ್ರಿತರ ಮೇಲೆ ಶಕ್ತಿಮೀರಿದ ಹೊರೆ ಹೇರುವುದು, ಅಹಿಂಸಾಣುವ್ರತದ ಅತಿಚಾರಗಳಲ್ಲಿ ಒಂದು. ಆ ವಾರಗಳನ್ನು ಯಾವ ಪರಿಷ್ಕರಣವೂ ನೌಕರರಿಗೆ ಮರಳಿಸದು.

ಹಾಗಾದರೆ ಶುದ್ಧಿಗೆ ದಾರಿಯೇ ಇಲ್ಲವೆ? ಉಂಟು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತವನ್ನು ಒಂಬತ್ತು ಬಗೆಯಾಗಿ ಹೇಳಿದೆ. ದೋಷವನ್ನು ಮುಚ್ಚಿಡದೆ ನಿವೇದಿಸಿಕೊಳ್ಳುವ ಆಲೋಚನೆಯಿಂದ ಅದು ಮೊದಲಾಗುತ್ತದೆ. ಪ್ರತಿಕ್ರಮಣ, ವಿವೇಕ, ತಪಗಳು ನಡುವೆ ಬರುತ್ತವೆ. ದೀಕ್ಷಾಕಾಲವನ್ನು ಕಡಿತಗೊಳಿಸುವ ಛೇದವನ್ನೂ ದಾಟಿ, ಮತ್ತೆ ಮೊದಲಿನಿಂದ ದೀಕ್ಷೆ ಕೊಡುವ ಉಪಸ್ಥಾಪನೆಯಲ್ಲಿ ಅದು ಮುಗಿಯುತ್ತದೆ. ಇದು ಮುನಿಗಳಿಗೆ ಹೇಳಿದ್ದು. ಆದರೂ ಇದರ ಕ್ರಮ ಗೃಹಸ್ಥನಿಗೂ ಪಾಠವೇ.

ಜಪಾನಿನ ಸ್ಕ್ವೇರ್ ಎನಿಕ್ಸ್ ಸಂಸ್ಥೆಯ 'ಫೈನಲ್ ಫ್ಯಾಂಟಸಿ 14' ಈ ಕ್ರಮಕ್ಕೆ ಆಶ್ಚರ್ಯಕರವಾಗಿ ಹೊಂದುತ್ತದೆ. 2010ರ ಸೆಪ್ಟೆಂಬರ್‌ನಲ್ಲಿ ಬಂದ ಆ ಆಟ ತೀರ ಕಳಪೆಯಾಗಿತ್ತು. ಅದೇ ಡಿಸೆಂಬರ್‌ನಲ್ಲಿ ಸಂಸ್ಥೆ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿತು, ಹೊಣೆಗಾರ ನಿರ್ಮಾಪಕರು ಸ್ಥಾನದಿಂದ ಇಳಿದರು, ನವೊಕಿ ಯೋಶಿದ ಎಂಬವರಿಗೆ ಅಧಿಕಾರ ಹೋಯಿತು. ತಿಂಗಳ ಶುಲ್ಕದಿಂದ ನಡೆಯಬೇಕಾಗಿದ್ದ ಆಟಕ್ಕೆ 2012ರ ಜನವರಿಯವರೆಗೆ ಶುಲ್ಕವನ್ನೇ ಪಡೆಯಲಿಲ್ಲ. 2012ರ ನವೆಂಬರ್ 11ರಂದು ಹಳೆಯ ಆಟವನ್ನು ಮುಚ್ಚಿದರು. ಕಥೆಯೊಳಗೇ ಆಕಾಶದಿಂದ ಉತ್ಪಾತವೊಂದು ಎರಗಿ ಆ ಲೋಕ ನಾಶವಾದಂತೆ ತೋರಿಸಲಾಯಿತು. 2013ರ ಆಗಸ್ಟ್‌ನಲ್ಲಿ ಅದೇ ಲೋಕ ಬುಡದಿಂದ ಹೊಸದಾಗಿ ಕಟ್ಟಲ್ಪಟ್ಟು ಮತ್ತೆ ತೆರೆಯಿತು. ನಿವೇದನೆ, ಅಧಿಕಾರದ ಛೇದ, ಲಾಭದ ತ್ಯಾಗ, ಹಳೆಯದರ ವಿಸರ್ಜನೆ, ಮರುದೀಕ್ಷೆ ಎಲ್ಲವೂ ಇಲ್ಲಿವೆ. ಹೆಲೊ ಗೇಮ್ಸ್ ತಪವನ್ನು ಮಾಡಿತು, ಆಲೋಚನೆಯಲ್ಲಿ ಹಿಂದೆಬಿದ್ದಿತು. ಸಿ.ಡಿ. ಪ್ರಾಜೆಕ್ಟ್ ಆಲೋಚನೆಯನ್ನೂ ತಪವನ್ನೂ ಮಾಡಿತು, ಫಲವನ್ನು ನೊಂದವರೆಲ್ಲರಿಗೆ ಹಂಚಲಿಲ್ಲ. ಇಷ್ಟನ್ನೂ ಮಾಡದವರಿದ್ದಾರೆ. 2019ರಲ್ಲಿ ಬಂದು ನಿರಾಶೆ ತಂದ 'ಆಂಥಮ್' ಎಂಬ ಆಟದ ಪುನರ್ನಿರ್ಮಾಣವನ್ನು ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ 2021ರ ಫೆಬ್ರವರಿಯಲ್ಲಿ ಅರ್ಧಕ್ಕೇ ನಿಲ್ಲಿಸಿತು.

ಇಲ್ಲಿ ವಿಮರ್ಶಕನ ಕರ್ತವ್ಯವೇನು? ದ್ರವ್ಯವು ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಕೂಡಿದ್ದು ಎಂದು ಬಲ್ಲವನಿಗೆ ಈ ತೊಡಕು ಬಗೆಹರಿಯದ್ದಲ್ಲ. 2016ರ ಆಟ ಒಂದು ಪರ್ಯಾಯ, 2018ರದು ಇನ್ನೊಂದು. ಹಿಂದಿನದು ಕೆಟ್ಟದಾಗಿತ್ತು ಎಂಬ ಮಾತೂ ಈಗಿನದು ಒಳ್ಳೆಯದು ಎಂಬ ಮಾತೂ ತಂತಮ್ಮ ಅಪೇಕ್ಷೆಯಿಂದ ಸತ್ಯ. ಹೊಸ ಪರ್ಯಾಯ ಹುಟ್ಟಿತೆಂದು ಹಳೆಯದನ್ನು ಇರಲೇ ಇಲ್ಲವೆನ್ನುವುದೂ ಏಕಾಂತ, ಹಳೆಯ ದೋಷವನ್ನು ನೆನೆದು ಇಂದಿನ ಗುಣವನ್ನು ಅಲ್ಲಗಳೆಯುವುದೂ ಏಕಾಂತ. ಸರಕು ಶುದ್ಧವಾಗಬಲ್ಲದು, ಇದನ್ನು ಈ ಉದಾಹರಣೆಗಳು ಸಿದ್ಧಪಡಿಸಿವೆ. ಆಡಿದ ಮಾತು ಮಾತ್ರ ಆಡಿದ ದಿನಕ್ಕೇ ಸೇರಿದ್ದು, ಅದಕ್ಕೆ ಪರಿಷ್ಕರಣವಿಲ್ಲ.

ಮಾಡಿದವನ ಶುದ್ಧಿಗೆ ಇನ್ನೊಂದು ನಿಯಮವಿದೆ. ಕೂಡಿದ ಕರ್ಮವನ್ನು ಉದುರಿಸುವುದು ನಿರ್ಜರೆ; ಹೊಸ ಕರ್ಮ ಒಳಹರಿಯದಂತೆ ತಡೆಯುವುದು ಸಂವರ. ತೂತು ಮುಚ್ಚದೆ ನೀರು ಮೊಗೆದರೆ ದೋಣಿ ದಡ ಸೇರದು. ಪರಿಷ್ಕರಣ ನಿರ್ಜರೆಯಂತೆ. ಮುಂದಿನ ಆಟಕ್ಕೆ ಮತ್ತೆ ಅಂಥದೇ ಮಾತುಗಳನ್ನು ಆಡದಿರುವುದು ಸಂವರ. ಹೆಲೊ ಗೇಮ್ಸ್ ಅನಂತರದ ವರ್ಷಗಳಲ್ಲಿ ತನ್ನ ಪರಿಷ್ಕರಣಗಳನ್ನು ಸಿದ್ಧವಾದ ಮೇಲೆ, ಬಿಡುಗಡೆಗೆ ತುಸು ಮುಂಚೆಯಷ್ಟೇ ಪ್ರಕಟಿಸುವ ರೂಢಿಯನ್ನು ಬೆಳೆಸಿಕೊಂಡದ್ದು ಈ ದೃಷ್ಟಿಯಿಂದ ಅದರ ಅತಿ ದೊಡ್ಡ ಸುಧಾರಣೆ. ಅದೇ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ, ಭೂಮಿಯಷ್ಟೇ ದೊಡ್ಡ ಗ್ರಹವೊಂದರ ಮೇಲೆ ನಡೆಯುವ 'ಲೈಟ್ ನೋ ಫೈರ್' ಎಂಬ ಆಟವನ್ನು ಪ್ರಕಟಿಸಿತು. ಆ ಸಂವರದ ಪರೀಕ್ಷೆ ಅಲ್ಲಿ.

ಕೊಂಡವರ ದೋಷವನ್ನೂ ಮರೆಯಲಾಗದು. 2016ರ ಮೇ ತಿಂಗಳಲ್ಲಿ ಆಟ ಕೆಲವು ವಾರ ತಡವಾಗುವುದೆಂದು ತಿಳಿದಾಗ ಮರ್ರೆಯವರಿಗೆ ಕೊಲೆ ಬೆದರಿಕೆಗಳು ಬಂದವು. ವಂಚಿತನ ದುಃಖ ನ್ಯಾಯವಾದದ್ದು, ಅವನ ಕ್ರೋಧಕ್ಕೆ ಆ ನ್ಯಾಯವಿಲ್ಲ. ಕಣ್ಣಾರೆ ಕಾಣದ ಸರಕಿಗೆ ತಿಂಗಳುಗಳ ಮುಂಚೆ ಹಣ ಕಟ್ಟುವಂತೆ ಮಾಡುವುದು ಮಾರುವವನ ಮಾತೊಂದೇ ಅಲ್ಲ, ಕೊಳ್ಳುವವನ ಲೋಭವೂ ಹೌದು. ಕ್ಷಮಾವಣಿಯ ದಿನ ಕ್ಷಮಿಸಬೇಕು. ಕ್ಷಮೆಯಿಂದ ದ್ವೇಷ ತೀರುತ್ತದೆ, ಸಾಲ ತೀರುವುದಿಲ್ಲ.

ಮನೆಯ ಮಕ್ಕಳು ಇಂಥ ಆಟವೊಂದನ್ನು ಕೇಳಿದಾಗ ಹಿರಿಯರು ಬರಿದೇ ಗದರಿಸುವ ಬದಲು, ಅದು ಇಂದು ಹೇಗಿದೆಯೋ ಹಾಗೆಯೇ ಉಳಿದರೂ ಈ ಬೆಲೆಗೆ ಯೋಗ್ಯವೆ ಎಂದು ಕೇಳುವುದು ಲೇಸು. ಜಿನಾಲಯಗಳ ಟ್ರಸ್ಟುಗಳಿಗೂ ಈ ಪ್ರಶ್ನೆ ದೂರದ್ದಲ್ಲ. ಬಣ್ಣದ ಕರಪತ್ರದಲ್ಲಿ ಶಿಲಾಮಯ ಬಸದಿಯ ಚಿತ್ರ ತೋರಿಸಿ ದೇಣಿಗೆ ಕೂಡಿಸುವಾಗ, ಆ ಹಣ ಬಂದ ದಿನದಿಂದಲೇ ಹೊಣೆಯ ಪಕ್ಕದಲ್ಲಿ ಕುಳಿತಿರುತ್ತದೆ. ಕಾಲ ಸವೆಸಿದ್ದನ್ನು ಸರಿಪಡಿಸುವುದು ಜೀರ್ಣೋದ್ಧಾರ, ಅದು ಪುಣ್ಯಕಾರ್ಯ. ತಾವೇ ಅರ್ಧಕ್ಕೆ ಬಿಟ್ಟದ್ದನ್ನು ಹತ್ತು ವರ್ಷಗಳ ಮೇಲೆ ಮುಗಿಸುವುದಕ್ಕೆ ಆ ಹೆಸರು ಸಲ್ಲದು. ಅದು ಬಾಕಿ ತೀರಿಸಿದ್ದು. ಬಾಕಿ ತೀರಿಸುವುದೂ ಒಳ್ಳೆಯ ಕೆಲಸವೇ. ಅದಕ್ಕೆ ಸನ್ಮಾನ ಸಮಾರಂಭ ಬೇಕಾಗಿಲ್ಲ, ತಡವಾಯಿತೆಂಬ ಒಂದು ಪ್ರಾಮಾಣಿಕ ಮಾತು ಸಾಕು.